ಹುಣಸೆ ಗಂಟಿನ ಪೈಪು

ನಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ ತಿಂಗಳು ಗಂಜಾಂನ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ಪಾಂಡವಪುರಕ್ಕೆ ಮುಟ್ಟಿ, ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಜಾರದಲ್ಲಿ ಹಚ್ಚಿಟ್ಟ ದೀಪದ ಪಕ್ಕ ಅವರ ಭೂತಗನ್ನಡಿ ಇಟ್ಟಿದ್ದರು. ನಾನು ಅದೇ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಸೀಟಿ ಊದಿ, ಗದರಿಸಿ, ಬಿಸಿಲಲ್ಲಿ ನಿಂತು ಒಣಗಿದ ಆಸಾಮಿ. ಅಳು ನನಗೆ ಬರುವುದಿಲ್ಲ ಅಂದುಕೊಂಡಿದ್ದೆ. ಬರುತ್ತದೆ.

ಹುಡುಗರು ಅವರಿಗೆ ‘ಪೈಪ್ ಮೇಷ್ಟ್ರು’ ಅಂತ ಹೆಸರಿಟ್ಟಿದ್ದರು. ಹೊಸಬರು ಇದನ್ನು ಕೇಳಿ, ಓಹೋ ಮನುಷ್ಯ ಪೈಪು ಸೇದುವ ಶೋಕಿಯವನು ಅಂದುಕೊಳ್ಳುತ್ತಿದ್ದರು. ಶಿವಶಿವಾ! ಅವರು ಜೀವಮಾನದಲ್ಲಿ ಒಂದು ಬೀಡಿ ತುಟಿಗೆ ಇಟ್ಟವರಲ್ಲ. ಸ್ಟಾಫ್ ರೂಮಿನಲ್ಲಿ ನಾನು ಸಿಗರೇಟು ಹಚ್ಚಿದರೆ ಕುರ್ಚಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಿದ್ದರು. ಆದರೆ ಎಲ್ಲಾದರೂ ಒಂದು ಹಳೆಯ ಪೈಪು ಇದೆ ಅಂತ ಕೇಳಿದರೆ ಮುಗಿಯಿತು. ಕೃಷ್ಣರಾಜಪೇಟೆಯ ಗುಜರಿ ಅಂಗಡಿಯಾಗಲಿ, ನಾಗಮಂಗಲದ ಪಾತ್ರೆ ಬೀದಿಯಾಗಲಿ, ಭಾನುವಾರ ಬೆಳಗ್ಗೆ ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದರು. ಜೊತೆಗೆ ನಾನು. ನನಗೆ ಪೈಪಿನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ದಾರಿಯಲ್ಲಿ ಒಳ್ಳೇ ಹೋಟೆಲಿನ ದೋಸೆ ಸಿಗುತ್ತದೆ ಅಂತ ಹೋಗುತ್ತಿದ್ದೆ.

ಅವರ ದನಿ ಎಷ್ಟು ಮೆತ್ತಗೆ ಅಂದರೆ, ಹಿಂದಿನ ಬೆಂಚಿನ ಹುಡುಗರು ಹೈಸ್ಕೂಲು ಮುಗಿಸಿ ಹೋದಮೇಲೂ ಡ್ರಾಯಿಂಗ್ ಮೇಷ್ಟ್ರ ದನಿ ಹೇಗಿದೆ ಅಂತ ಹೇಳಲಾರರು. ಕ್ಲಾಸಿನಲ್ಲಿ ಗಲಾಟೆ ಜಾಸ್ತಿಯಾದರೆ ಬೋರ್ಡಿನ ಮೇಲೆ ಒಂದು ಕತ್ತೆ ಬರೆದು, ಅದಕ್ಕೆ ಗಲಾಟೆ ಮಾಡಿದವನ ಮುಖ ಬರೆಯುತ್ತಿದ್ದರು. ಕ್ಲಾಸು ಗಪ್‌ಚಿಪ್.

“ಒಂದ್ಸಲ ಗದರ್ರೀ ಮೇಷ್ಟ್ರೇ, ಗಂಟ್ಲು ಏನು ಹರಿದೋಗಲ್ಲ” ಅಂತ ನಾನು ರೇಗಿಸುತ್ತಿದ್ದೆ.

“ಜೋರಾಗಿ ಮಾತಾಡೋದು ಚಿಕ್ಕ ವಯಸ್ಸಲ್ಲೇ ಬಿಟ್ಟೋಯ್ತು ಗೌಡ್ರೇ” ಅನ್ನುತ್ತಿದ್ದರು.

ಗಂಜಾಂ ಕಡೆಯ ಹೊಲಗಳಲ್ಲಿ ಮಳೆ ಬಿದ್ದು ನೇಗಿಲು ಹೂಡಿದಾಗ ಬೆರಳುದ್ದದ ಬಿಳಿ ಕೊಳವೆ ತುಂಡುಗಳು ಮೇಲೆ ಬರುತ್ತವೆ. ಅಲ್ಲಿಯ ಮಕ್ಕಳು ಅವನ್ನು ಬಳಪ ಮಾಡಿಕೊಂಡು ಸ್ಲೇಟಿನ ಮೇಲೆ ಬರೆಯುತ್ತಾರೆ. ಮೇಷ್ಟ್ರ ಮೇಜಿನ ಮೇಲೆ ಅಂಥದೊಂದು ಬಿದ್ದಿತ್ತು. ನಾನು ಕಬಡ್ಡಿ ಕೋರ್ಟಿಗೆ ಗುರುತು ಹಾಕೋಕೆ ಎತ್ತಿಕೊಂಡೆ. ಅವರು ಓಡಿಬಂದು ಕಿತ್ತುಕೊಂಡರು.

“ಬಳಪ ಅಲ್ಲ ಕಣ್ರೀ ಇದು! ಇಂಗ್ಲಿಷ್ ಸೋಲ್ಜರುಗಳು ಹೊಗೆಸೊಪ್ಪು ಸೇದ್ತಿದ್ದ ಮಣ್ಣಿನ ಪೈಪು.”

ಆಮೇಲೆ ಜೇಬಿನಿಂದ ಒಂದು ಜಾಲಿಮುಳ್ಳು ತೆಗೆದು ಆ ತೂತಿಗೆ ತೂರಿಸಿ ತೋರಿಸಿದರು. ತೂತು ಅಗಲ ಇದ್ದಷ್ಟೂ ಪೈಪು ಹಳೆಯದು. ಕಾಲ ಕಳೆದ ಹಾಗೆ ಮಾಡುವವರು ತೂತನ್ನು ಸಣ್ಣದು ಮಾಡುತ್ತ ಬಂದರು. ಹೊಗೆಸೊಪ್ಪು ತುಂಬುವ ಬಟ್ಟಲಿನ ಕೆಳಗೆ ಹಿಮ್ಮಡಿಯಂಥ ಒಂದು ಗುಬುಟು ಇರುತ್ತದೆ, ಅದರ ಮೇಲೆ ಮಾಡಿದವನ ಹೆಸರಿನ ಮೊದಲಕ್ಷರ ಒತ್ತಿರುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸವೆದಿದ್ದರೂ ಮೇಷ್ಟ್ರು ಬಿಡುತ್ತಿರಲಿಲ್ಲ. ತೆಳುವಾದ ಕಾಗದ ಅದರ ಮೇಲಿಟ್ಟು, ಮಕ್ಕಳು ನಾಣ್ಯದ ಮೇಲೆ ಉಜ್ಜುತ್ತಾರಲ್ಲ, ಹಾಗೆ ಮೆತ್ತನೆ ಪೆನ್ಸಿಲಿನಿಂದ ಉಜ್ಜುತ್ತಿದ್ದರು. ಮೊದಲು ಬರೀ ಕಪ್ಪು, ಆಮೇಲೆ ಮೆಲ್ಲಗೆ ಒಂದು ಅಕ್ಷರ ಎದ್ದು ಬರುತ್ತಿತ್ತು. ಆ ಗಳಿಗೆಯಲ್ಲಿ ಅವರು ಉಸಿರು ಹಿಡಿದಿರುತ್ತಿದ್ದರು.

ಇಷ್ಟೆಲ್ಲ ವಿದ್ಯೆ ಎಲ್ಲಿ ಕಲಿತಿರಿ ಅಂದರೆ, ಮೈಸೂರಿನ ಹಳೇ ಪುಸ್ತಕದ ಅಂಗಡಿಗಳನ್ನು ಹೇಳುತ್ತಿದ್ದರು. ಸಂಬಳ ಬಂದ ದಿನ ಅಲ್ಲಿಗೆ ಹೋಗಿ ಇಂಗ್ಲೆಂಡಿನ ಹಳೆಯ ಪೈಪು ಕಂಪನಿಗಳ ಕ್ಯಾಟಲಾಗು ತರುತ್ತಿದ್ದರಂತೆ. ಅವರ ಮನೆಯವರು ಒಮ್ಮೆ ನನ್ನ ಮುಂದೆಯೇ, “ಇವ್ರ ಕ್ಯಾಟಲಾಗು ಮಾರಿದ್ರೆ ನನಗೊಂದು ಸೀರೆ ಬರ್ತಿತ್ತು” ಅಂದರು. ಮೇಷ್ಟ್ರು ನಕ್ಕು, “ಯಾರು ತಗೋತಾರೆ?” ಅಂದರು.

ಆದರೆ ಒಂದು ವಿಚಿತ್ರ ಇತ್ತು. ಪಾಂಡವಪುರದಲ್ಲಿ ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರೊಬ್ಬರ ಮನೆಗೆ ಹೋಗಿದ್ದೆವು. ಅವರ ಹತ್ತಿರ ಬೆಳ್ಳಿ ಪಟ್ಟಿ ಕಟ್ಟಿದ ಪೈಪು. ಮೇಷ್ಟ್ರು ಭೂತಗನ್ನಡಿ ಹಿಡಿದು, “ಸಿಂಹದ ಮುದ್ರೆ ಇದೆ, ಅಂದ್ರೆ ಬೆಳ್ಳಿ ಅಸಲಿ. ಪಕ್ಕದಲ್ಲಿ ಲಂಗರು, ಅಂದ್ರೆ ಮುದ್ರೆ ಒತ್ತಿದ ಊರು ಬರ್ಮಿಂಗ್‌ಹ್ಯಾಮು. ಈ ಅಕ್ಷರ ಯಾವ ವರ್ಷದ್ದು ಅನ್ನೋದಕ್ಕೆ. ಮರ ಬ್ರಯರ್ ಅಂತ, ಒಂದು ಪೊದೆಯ ಬೇರಿನ ಗಂಟು. ಅಪ್ಪಟ ಇಂಗ್ಲೆಂಡಿನ ಮಾಲು ಸಾರ್” ಅಂದರು. ಸುಬೇದಾರರು ಕುಣಿದಾಡುವುದೊಂದು ಬಾಕಿ. ಇನ್ನೊಂದು ಸಲ ಕಾಫಿ ಮಾಡಿಸಿದರು. ನಮ್ಮ ಮೇಷ್ಟ್ರು ಮಾತ್ರ ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂತಿದ್ದರು. ನಾಗಮಂಗಲದಲ್ಲಿ ಒಂದು ಪೈಪು ಫ್ರಾನ್ಸಿನದು ಅಂತ ಪತ್ತೆಯಾದಾಗಲೂ ಅದೇ ಮುಖ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತರು. ಅವತ್ತು ನನಗೆ ರೇಗಿಹೋಯಿತು.

“ಏನ್ರೀ ನಿಮ್ದು? ಅಸಲಿ ಮಾಲು ಅಂದ್ರೆ ಪ್ರಪಂಚವೇ ಖುಷಿ ಪಡ್ತದೆ. ನೀವು ಸಾವಿನ ಮನೆಯಿಂದ ಎದ್ದು ಬಂದೋರಂಗೆ ಕೂತ್ಕತೀರಲ್ಲ!”

ಶ್ರೀರಂಗಪಟ್ಟಣದಲ್ಲಿ ಇಳಿದಾಗ, “ಬನ್ನಿ ಗೌಡ್ರೇ, ಹೊಳೆ ಹತ್ರ ಕೂತು ಹೋಗೋಣ” ಅಂದರು. ಗಂಜಾಂನ ನಿಮಿಷಾಂಬ ಗುಡಿಯ ಕೆಳಗೆ ಮೆಟ್ಟಿಲ ಮೇಲೆ ಕೂತೆವು. ಮೇಷ್ಟ್ರು ಜೇಬಿನಿಂದ ಒಂದು ಬುಗುರಿ ತೆಗೆದು ನನ್ನ ಕೈಗಿಟ್ಟರು. ಹಳೆಯ ಮರದ ಬುಗುರಿ, ಕೈಯಾಡಿ ಕೈಯಾಡಿ ಕನ್ನಡಿಯಾಗಿತ್ತು. ಅದರ ಹೊಟ್ಟೆಯ ಮೇಲೆ ಉಗುರಿನಷ್ಟು ಗಾತ್ರದ ಒಂದು ಮೀನು ಕೊರೆದಿತ್ತು.

“ನಮ್ಮಪ್ಪ ಮಾಡಿದ್ದು” ಅಂದರು.

ಅವರ ತಂದೆ ಮರಗೆಲಸದ ಆಚಾರ್ರು. ನಾಲೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೊರೆಯ ಬಂಗಲೆಯಲ್ಲಿ ಬಾಗಿಲು ಕಿಟಕಿ ನೋಡಿಕೊಳ್ಳುತ್ತಿದ್ದರು. ದೊರೆಯ ಪೈಪಿನ ಬಾಯಿಗಿಡುವ ಮೂತಿ ಮುರಿದರೆ ಎಮ್ಮೆ ಕೊಂಬಿನಲ್ಲಿ ಹೊಸದು ಮಾಡಿ ಕೊಡುತ್ತಿದ್ದರು. ಹಾಗೆ ನೋಡಿ ನೋಡಿ ತಾವೇ ಒಂದು ಪೈಪು ಕೆತ್ತಿದರು, ಥೇಟ್ ದೊರೆಯದರಂತೆ. ದೊರೆಯ ಪೈಪಿನ ಮೇಲೆ ಕಂಪನಿಯ ಗುರುತು ಇತ್ತಲ್ಲ, ಅದನ್ನು ಕಂಡಮೇಲೆ ಇವರೂ ತಮ್ಮ ಕೈಕೆಲಸಕ್ಕೆಲ್ಲ ಒಂದು ಮೀನು ಕೊರೆಯೋಕೆ ಶುರುಮಾಡಿದ್ದರು. ಅದೇ ವಾರ ದೊರೆಯ ಪೈಪು ಕಾಣೆಯಾಯಿತು. ಆಚಾರ್ರ ಚೀಲದಲ್ಲಿ ಪೈಪು ಸಿಕ್ಕಿತು. “ನಾನು ಕದ್ದಿಲ್ಲ, ಮಾಡಿದ್ದು” ಅಂತ ಅವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಮೀನನ್ನು ತೋರಿಸಿದರೆ, ಕದ್ದ ಮೇಲೆ ಕೊರೆದಿದ್ದೀಯ ಅಂದರು. ಬಂಗಲೆಯ ಗೇಟಿಗೆ ಕಟ್ಟಿ ಹೊಡೆದರು. ಪೈಪು ಕಸಿದುಕೊಂಡರು. ಮಾರನೆಯ ದಿನ ಬೆಳಗ್ಗೆ ಆಚಾರ್ರು ಉಳಿ ಬಾಚಿಯ ಚೀಲ ಹಿಡಿದು ಮನೆ ಬಿಟ್ಟವರು ತಿರುಗಿ ಬರಲಿಲ್ಲ. ನಮ್ಮ ಮೇಷ್ಟ್ರು ಆಗ ಪ್ರೈಮರಿ ಶಾಲೆಯ ಹುಡುಗ.

“ಆಮೇಲೆ ಬಂಗಲೆ ಬಟ್ಲರು ಮನೇಗೆ ಬಂದು ಹೇಳ್ದ ಗೌಡ್ರೇ. ದೊರೆ ಪೈಪು ಅವರ ಕೋಟಿನಲ್ಲೇ ಇತ್ತಂತೆ. ಜೇಬು ಹರಿದು ಅಸ್ತರಿಯೊಳಕ್ಕೆ ಇಳಿದಿತ್ತಂತೆ. ಅಷ್ಟೊತ್ತಿಗೆ ಅಪ್ಪ ಎಲ್ಲಿ ಅಂತ ಹುಡುಕೋದು?”

ಅವರ ತಾಯಿ ಮಗನನ್ನು ಕೂರಿಸಿಕೊಂಡು ಒಂದು ಮಾತು ಬಾಯಿಪಾಠ ಮಾಡಿಸಿದರಂತೆ. ನಿಮ್ಮಪ್ಪ ಎಲ್ಲಿ ಕಂಡರೂ ಬೇರೇನೂ ಕೇಳಬೇಡ, ಮೊದಲು ಇಷ್ಟು ಹೇಳು. ‘ಅಪ್ಪ, ದೊರೆ ಪೈಪು ಸಿಕ್ತು. ಮನೆಗೆ ಬಾ.’ ಬೀದಿಯವರು ಆಗಲೂ ಕಳ್ಳನ ಮನೆ ಅಂತಲೇ ಅನ್ನುತ್ತಿದ್ದರಿಂದ, ಮನೆಯೊಳಗೆ ಏನು ಮಾತಾಡಿದರೂ ಮೆಲ್ಲಗೆ ಮಾತಾಡುವ ಅಭ್ಯಾಸವಾಯಿತಂತೆ.

“ಅದಕ್ಕೂ ಈ ಪೈಪು ಹುಡುಕೋದಕ್ಕೂ ಏನು ಸಂಬಂಧ ಮೇಷ್ಟ್ರೇ?”

“ಮಾಡಿದ್ದು ನಾನೇ ಅಂದ್ರೆ ಯಾರೂ ನಂಬ್ಲಿಲ್ವಲ್ಲ. ನಮ್ಮಪ್ಪನ ಹಟ ನನಗೊತ್ತು. ಎಲ್ಲೇ ಹೋಗಿರ್ಲಿ, ಇನ್ನೊಂದು ಪೈಪು ಮಾಡೇ ಮಾಡಿರ್ತಾರೆ, ತೋರ್ಸೋದಕ್ಕಾದ್ರೂ. ಆ ಪೈಪು ಯಾವತ್ತೋ ಒಂದಿನ ನನ್ನ ಕೈಗೆ ಬರುತ್ತೆ. ಅದು ಇರೋ ಊರಲ್ಲಿ ಅಪ್ಪನ ಜಾಡು ಸಿಗುತ್ತೆ. ಇಂಗ್ಲೆಂಡಿಂದು, ಫ್ರಾನ್ಸಿಂದು ಅಂತ ಗೊತ್ತಾದ್ರೆ ನನಗ್ಯಾವ ಖುಷಿ ಹೇಳಿ?”

ನಾನು ಬುಗುರಿಯನ್ನು ವಾಪಸು ಕೊಟ್ಟೆ. ಅವರ ತಾಯಿ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಕೊನೆಯ ದಿನದವರೆಗೂ ಹಣೆಯ ಕುಂಕುಮ ಅಳಿಸಿರಲಿಲ್ಲವಂತೆ. ಪಿತೃಪಕ್ಷ ಬಂದರೆ ಆ ಮೆಟ್ಟಿಲ ಮೇಲೆ ನೂರಾರು ಜನ ತಂದೆತಾಯಿಗೆ ಎಳ್ಳುನೀರು ಬಿಡುತ್ತಾರೆ. ನಮ್ಮ ಮೇಷ್ಟ್ರು ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದೂ ಅಪ್ಪನ ಹೆಸರಲ್ಲಿ ಒಂದು ಬೊಗಸೆ ನೀರು ಬಿಟ್ಟಿರಲಿಲ್ಲ. ಇದ್ದಾರೋ ಇಲ್ಲವೋ ಗೊತ್ತಿಲ್ಲದವರಿಗೆ ಹೇಗೆ ಬಿಡೋದು?

ಅವರು ರಿಟೈರಾಗುವುದಕ್ಕೆ ಇನ್ನೇನು ಸ್ವಲ್ಪ ದಿನ ಇತ್ತು. ಆ ವರ್ಷ ಮಹಾಲಯ ಅಮಾವಾಸ್ಯೆ ಭಾನುವಾರ ಬಂತು. ನನ್ನ ಅಕ್ಕನನ್ನು ಕೊಟ್ಟಿರುವುದು ಸಂತೆಬಾಚಹಳ್ಳಿಗೆ. ಅವರ ಮನೆಯಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಅವರು ಬಂದು ಉಂಡು ಹೋಗಲಿ ಅಂತ. ನಾನು ಮೇಷ್ಟ್ರನ್ನೂ ಕರೆದೆ.

“ಮಾಂಸದೂಟದ ಹಬ್ಬಕ್ಕೆ ನಾನು ಬಂದು ಏನು ತಿನ್ಲಿ ಗೌಡ್ರೇ?”

“ಬನ್ರೀ ಸುಮ್ನೆ. ಆ ಮನೇಲಿ ಒಂದೆಲೆ ಸಿಹಿಯೂಟ ಯಾವಾಗ್ಲೂ ಇರ್ತದಂತೆ. ಯಾಕೋ ನನಗೂ ಗೊತ್ತಿಲ್ಲ, ಹಿಂದಿಂದ ಬಂದಿದ್ದು. ಆಮೇಲೆ ಅಲ್ಲೊಂದು ಹಳೇ ಪೈಪೂ ಅದೆಯಂತೆ, ಮೊನ್ನೆ ತಾನೆ ಅಕ್ಕ ಅಂದ್ಲು, ಎಡೆ ದಿನ ಮಾತ್ರ ಪೆಟ್ಟಿಗೆಯಿಂದ ಆಚೆಗೆ ತೆಗೀತಾರಂತೆ. ಯಾವ ಕಂಪನಿದು ಅಂತ ಹೇಳಿಬಿಡಿ, ನಮ್ ಭಾವನಿಗೆ ಖುಷಿ ಆಗ್ಲಿ.”

ಪೈಪು ಅಂದಮೇಲೆ ಅವರು ಬರದೆ ಇರುತ್ತಾರೆಯೇ?

ನಾವು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಎಲೆ ಹಾಕಿ ಆಗಿತ್ತು. ಗೋಡೆಗೆ ಒರಗಿಸಿದ ಫೋಟೋಗಳು, ಮಡಿಸಿಟ್ಟ ಹೊಸ ಪಂಚೆ ಸೀರೆ, ಸಾಲಾಗಿ ಎಲೆಗಳು. ಮುದ್ದೆ, ಮರಿ ಮಾಂಸದ ಸಾರು, ಬೋಟಿ ಗೊಜ್ಜು, ವಡೆ. ಒಬ್ಬ ತಾತನ ಎಲೆಯ ಪಕ್ಕ ಬೀಡಿ ಕಟ್ಟು, ಇನ್ನೊಬ್ಬರದರ ಪಕ್ಕ ಬ್ರಾಂದಿ ಬಾಟಲಿ. ಸಾಲಿನ ಕೊನೆಗೆ, ಸ್ವಲ್ಪ ಜಾಗ ಬಿಟ್ಟು, ಒಂದು ಎಲೆ. ಅದರಲ್ಲಿ ಅನ್ನ, ಬೇಳೆಸಾರು, ಒಬ್ಬಟ್ಟು, ಪಾಯಸ. ಅದರ ಹಿಂದೆ ಫೋಟೋ ಇಲ್ಲ. ಮುಂದೆ ಪೈಪು.

ಎಡೆಯ ಮುಂದೆ ಅಕ್ಕನ ಅತ್ತೆ ಕೂತಿದ್ದರು. ಆ ಮನೆಯ ಹಿರಿಯ ಜೀವ, ಎಲ್ಲರೂ ಅಜ್ಜಮ್ಮ ಅನ್ನುತ್ತಾರೆ. ಮೇಷ್ಟ್ರು ಕೈಮುಗಿದು, “ಅದನ್ನ ಒಂಚೂರು ನೋಡ್ಲಾ ತಾಯಿ?” ಅಂದರು.

“ನೋಡಪ್ಪ, ಅದ್ಕೇನು. ಎಡೆ ಮುಂದ್ಲುದು, ಹುಸಾರಾಗಿ.”

ಮೇಷ್ಟ್ರು ಪೈಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಟ್ಟಲನ್ನು ಬೆಳಕಿಗೆ ಹಿಡಿದರು. ಮೂತಿಯನ್ನು ಉಗುರಿನಿಂದ ಕೆರೆದು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ. ಅದು ಬಿಳಿಚಿಕೊಂಡಿತು.

“ಬ್ರಯರ್ ಅಲ್ಲ ಗೌಡ್ರೇ. ಹುಣಸೆ ಗಂಟು. ಮೂತಿ ಎಮ್ಮೆ ಕೊಂಬು.”

ಬಟ್ಟಲಿನ ಕೆಳಭಾಗ ನುಣ್ಣಗಿತ್ತು, ಏನೂ ಇರಲಿಲ್ಲ. ಅವರು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಚೀಲದಿಂದ ಕಾಗದ, ಪೆನ್ಸಿಲು ತೆಗೆದರು. ಕಾಗದ ಜರುಗದಂತೆ ನಾನು ಹಿಡಿದುಕೊಂಡೆ. ಉಜ್ಜಿದರು, ಉಜ್ಜಿದರು. ಕಪ್ಪಿನ ನಡುವೆ ಮಸುಕಾಗಿ ಒಂದು ಮೀನಿನ ಬಾಲ ಎದ್ದು ಬಂತು. ಬಾಲ ಮಾತ್ರ.

“ಇಲ್ಲಿ ಏನಾದ್ರೂ ಕೊರೆದಿತ್ತಾ ತಾಯಿ?”

“ಇತ್ತು ಕಣಪ್ಪ, ಮೀನಿನಂಗೆ ಏನೋ ಒಂದು. ಅದ್ರೊಳೀಕೆ ಕೊಳೆ ಕೂತ್ಕಳದು. ಅವ್ರು ಮಡಿ ಮನುಸ್ರು, ಎಡೇಗೆ ಇಕ್ಕೋದ ಕೊಳಕಾಗಿ ಇಕ್ಬಾರ್ದು ಅಂತ ವರ್ಸವರ್ಸವೂ ಹುಣಸೆಹಣ್ಣು ಬೂದಿ ಆಕಿ ಚೆಂದಾಗಿ ಉಜ್ತೀನಿ. ಉಜ್ಜಿ ಉಜ್ಜಿ ಹೊಂಟೋಯ್ತು.”

“ಯಾರು ತಾಯಿ ಅವರು? ಈ ಎಲೆ ಯಾರದು?”

“ನಮ್ಮೋರಲ್ಲ ಕಣಪ್ಪ. ಆಚಾರ್ರು ಒಬ್ರಿದ್ರು. ನಾನು ಈ ಮನೇಗೆ ಸೊಸೆಯಾಗಿ ಬಂದ ಹೊಸದ್ರಲ್ಲಿ ಎಲ್ಲಿಂದ್ಲೋ ನಡ್ಕಂಡು ಬಂದ್ರು. ಊರು ಯಾವ್ದು ಅಂದ್ರೆ ಊರಿಲ್ಲ ಅನ್ನೋರು. ನೇಗ್ಲು, ಕುಂಟೆ, ತೊಟ್ಲು, ಏನು ಯೋಳಿದ್ರೂ ಮಾಡ್ಕೊಡೋರು. ಜಗ್ಲಿ ಪಕ್ಕದ ಕೋಣೇಲಿ ಇದ್ರು, ಅಡ್ಗೆ ಅವ್ರೇ ಬ್ಯಾರೆ ಬೇಯಿಸ್ಕಳೋರು. ಹಿತ್ಲಲ್ಲಿ ಹುಣಸೆ ಮರ ಬಿದ್ದಾಗ ಅದ್ರ ಗಂಟು ಕೊಯ್ಕಂಡು ಇದ ಕೆತ್ತುದ್ರು. ಯಾರ್ಗೆ ಆಚಾರ್ರೇ ಅಂತ ಕೇಳಿದ್ರೆ, ಯಾರ್ಗೂ ಇಲ್ಲ ಕಣವ್ವ, ನನ್ನ ಕೈಲಿ ಆಯ್ತದೆ ಅಂತ ತೋರ್ಸಕ್ಕೆ, ಅಂದ್ರು. ಆಮ್ಯಾಕೆ ಚಳಿಜ್ವರ ಬಂತು, ಎದ್ದೇಳ್ಲೇ ಇಲ್ಲ. ಜ್ವರದಲ್ಲಿ ಒಂದೇ ಮಾತು, ‘ನಾನು ಕದ್ದಿಲ್ಲ, ಮಾಡಿದ್ದು’ ಅಂತವ. ಅದೇನೋ ನಮ್ಗೇನು ತಿಳೀತದೆ? ನೀರು ಬುಡೋರಿಲ್ದೆ ಹೋದ ಜೀವ, ವರ್ಸಕ್ಕೊಂದು ಎಲೆ ನಮ್ಮನೇಲಿ ಆಗ್ಲಿ ಅಂದ್ರು ನಮ್ ಯಜಮಾನ್ರು. ಮಾಂಸ ಒಲೆ ಮೇಲೆ ಹೋಗೋಕೆ ಮುಂಚೆ ಮಿಂದು ಈ ಎಲೇದು ಮಾಡ್ಬುಡ್ತೀನಿ.”

ಮೇಷ್ಟ್ರು ಕೇಳಿದ್ದು ಒಂದೇ. “ಯಾವಾಗ ತಾಯಿ ಹೋಗಿದ್ದು?”

ಅಜ್ಜಮ್ಮ ಕಂಬಕ್ಕೆ ಒರಗಿ ಕೂತಿದ್ದ ನನ್ನ ಭಾವನ ಕಡೆ ಕೈ ತೋರಿಸಿದರು. “ಇವ್ನಿನ್ನೂ ಹೊಟ್ಟೇಲಿದ್ದ.”

ಮೇಷ್ಟ್ರು ತಿರುಗಿ ನನ್ನ ಭಾವನನ್ನು ನೋಡಿದರು. ತಲೆಯೆಲ್ಲ ಬೆಳ್ಳಗಾದ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಮನುಷ್ಯ. ಅಂದರೆ ಮೇಷ್ಟ್ರು ಮೀಸೆ ಮೂಡಿದಾಗಿನಿಂದ ಹುಡುಕುತ್ತಿದ್ದುದು ಆಗಲೇ ಸತ್ತುಹೋಗಿದ್ದವರನ್ನು. ಅವರ ತಾಯಿ ಬಾಗಿಲು ಕಾಯುತ್ತ ಕುಂಕುಮ ಇಟ್ಟುಕೊಂಡದ್ದು ಇಲ್ಲದ ಗಂಡನಿಗೆ.

ಮೇಷ್ಟ್ರು ಬುಗುರಿಯನ್ನು ಜೇಬಿನಿಂದ ತೆಗೆದು ಪೈಪಿನ ಪಕ್ಕ ಇಟ್ಟರು. ಅಜ್ಜಮ್ಮ ಬುಗುರಿಯ ಮೇಲಿನ ಮೀನನ್ನು ನೋಡಿದರು, ಆಮೇಲೆ ಮೇಷ್ಟ್ರ ಮುಖ ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡು, “ಅಯ್ಯೋ ನನ್ನಪ್ಪಾ, ನಿನ್ ಗುರುತ್ನೇ ಉಜ್ಜಾಕ್ಬುಟ್ನಲ್ಲೋ!” ಅಂದರು.

“ಹಾಗನ್ಬೇಡಿ ತಾಯಿ. ನೀವು ಅನ್ನ ಇಟ್ರಿ” ಅಂದರು ಮೇಷ್ಟ್ರು.

ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದರು. ಹಿರಿಯರು ಉಣ್ಣುವಷ್ಟು ಹೊತ್ತು ಬಿಟ್ಟು ಮನೆಯ ಗಂಡಸು ಬಾಗಿಲು ತಟ್ಟಿ ತೆಗೆಯುವುದು ಪದ್ಧತಿ. ನನ್ನ ಭಾವ ಎದ್ದರು. ಅಜ್ಜಮ್ಮ ಅವರನ್ನು ತಡೆದು, “ಈ ಸಲ ಅವ್ರ ಮಗ ತಟ್ಲಿ” ಅಂದರು.

ಮೇಷ್ಟ್ರು ಬಾಗಿಲ ಮುಂದೆ ಹೋಗಿ ನಿಂತರು. ಕೈ ಎತ್ತಿದರು, ತಟ್ಟಲು ಆಗಲಿಲ್ಲ. ಹಣೆಯನ್ನು ಬಾಗಿಲಿಗೆ ಒತ್ತಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅಂದರು. “ಅಪ್ಪ, ದೊರೆ ಪೈಪು ಸಿಕ್ತು. ಮನೆಗೆ ಬಾ.”

ಅಜ್ಜಮ್ಮ ಕಣ್ಣೊರೆಸಿಕೊಂಡು, “ಒಳಗಿರೋರ್ಗೆ ಕೇಳ್ಬೇಕಲ್ಲಪ್ಪ, ಜೋರಾಗಿ ಯೋಳು” ಅಂದರು.

ಕ್ಲಾಸಿನಲ್ಲಿ ಒಂದು ದಿನ ದನಿ ಏರಿಸದ ಆ ಮನುಷ್ಯ ಅವತ್ತು ಕೂಗಿದರು. “ಅಪ್ಪಾ! ದೊರೆ ಪೈಪು ಸಿಕ್ತು! ಕೋಟಿನಲ್ಲೇ ಇತ್ತು! ಮನೆಗೆ ಬಾ ಅಪ್ಪಾ!” ಬೀದಿಯ ಮನೆಗಳವರೆಲ್ಲ ಎಡೆ ಬಿಟ್ಟು ಓಡಿಬಂದರು. ಮೇಷ್ಟ್ರು ಮತ್ತೆ ಮತ್ತೆ ಕೂಗಿದರು. ಕೊನೆಗೆ ಬಾಗಿಲನ್ನು ನಾನೇ ತೆಗೆದು, ಅವರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಆ ಎಲೆಯನ್ನು ಅಷ್ಟು ವರ್ಷ ಹಸುವಿಗೆ ಕೊಡುತ್ತಿದ್ದರಂತೆ, ಉಣ್ಣುವ ಹಕ್ಕಿನವರು ಯಾರೂ ಇರಲಿಲ್ಲ ಅಂತ. ಅವತ್ತು ಮೇಷ್ಟ್ರು ಕೂತು ಅದನ್ನು ಉಂಡರು, ಒಂದು ಅಗುಳೂ ಬಿಡದೆ. ಅಜ್ಜಮ್ಮ ಪೈಪನ್ನು ತಗೊಂಡು ಹೋಗು ಅಂದರು. ಅವರು ಬೇಡ ಅಂದರು. ಇಲ್ಲಿ ಇಟ್ಟುಕೊಂಡವರು ನೀವು, ಇಲ್ಲೇ ಇರಲಿ ಅಂದರು.

ಮಾರನೆಯ ದಿನ ಅವರು ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನ ಬಂದಾಗ ತಲೆ ಬೋಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದು ನಿಂತರು. ಹೆಡ್‌ಮಾಸ್ಟರು ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು.

“ಯಾರು ಮೇಷ್ಟ್ರೇ?”

“ನಮ್ಮ ತಂದೆ” ಅಂದರು. ಕೂಗಿದ ಗಂಟಲು ಇನ್ನೂ ಒಡೆದೇ ಇತ್ತು.

“ಛೇ, ಛೇ. ತುಂಬ ವಯಸ್ಸಾಗಿತ್ತಾ?”

ಮೇಷ್ಟ್ರು ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡರು.

“ಇಲ್ಲ ಸಾರ್” ಅಂದರು. “ನನಗಿಂತ ಚಿಕ್ಕವರು.”